ಉಗುರಿನ ಅಳತೆಯೂ ಕಣ್ಣಿನ ಅಳತೆಯೂ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಸಾಹಿತ್ಯ ಸಂಗೀತಗಳ ವಿಚಾರ ಕೇಳಿ ಅಭ್ಯಾಸವಾದ ನಿಮ್ಮೆದುರು ನಾವು ಇಂದು ಉಕ್ಕಿನ ತುಂಡುಗಳನ್ನು ಹಿಡಿದುಕೊಂಡು ನಿಂತಿದ್ದೇವೆ. "ವಿಜ್ಞಾನದ ಒಂದು ವಿಷಯ ಹೇಳಿ, ಆದರೆ ಎಲ್ಲರಿಗೂ ತಿಳಿಯುವ ಹಾಗಿರಲಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಮೊದಲನೆಯದು ನಮ್ಮ ಕೈಲಾದೀತು. ಎರಡನೆಯದಕ್ಕೆ ನೀವೇ ತೀರ್ಪುಗಾರರು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆ ನಿಮಗೆಲ್ಲ ಗೊತ್ತು. ಅದು ಬಾಳುವೆಯನ್ನು ಕುರಿತು ಹೇಳಿದ ಮಾತು. ಆದರೆ ಯಂತ್ರಶಾಲೆಯ ತಪಾಸಣೆ ವಿಭಾಗದಲ್ಲಿ ಆಯುಷ್ಯ ಕಳೆದ ನಮ್ಮಂಥವರಿಗೆ ಅದು ಅಕ್ಷರಶಃ ನಿಜ. ಎಷ್ಟು ದೂರದಿಂದ ನೋಡಿದೆವು, ಬೆಳಕು ಯಾವ ಕಡೆಯಿಂದ ಬಿದ್ದಿತ್ತು ಎಂಬುದನ್ನು ಹೇಳದೆ ಒಂದು ವಸ್ತುವನ್ನು ನುಣ್ಣಗಿದೆ ಎಂದರೆ ಆ ಮಾತಿಗೆ ಬೆಲೆಯಿಲ್ಲ. ಈಚೆಗೆ ಫರೀದಾಬಾದ್, ಮಾನೇಸರ್, ನೋಯಿಡಾಗಳ ಕಾರ್ಖಾನೆಗಳಿಗೆ ಕ್ಯಾಮರಾ ಮತ್ತು ಕಂಪ್ಯೂಟರು ಜೊತೆಗೂಡಿ ಬಂದು, ಈ ನುಣುಪನ್ನು ಮುಟ್ಟದೆಯೇ ಅಳೆದುಕೊಡುತ್ತೇವೆ ಎನ್ನುತ್ತಿವೆ. ಅವುಗಳ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೇ ಇಂದಿನ ವಿಷಯ.

ಇದು ನಮ್ಮ ಸಂಘಕ್ಕೆ ಸಂಬಂಧಿಸಿದ್ದೇ ಎಂದು ಕೇಳುವಿರಿ. ಸಂಬಂಧವುಂಟು. 1953ರಲ್ಲಿ ಬೆಂಗಳೂರಿನಲ್ಲಿ ಹೆಚ್.ಎಂ.ಟಿ. ಹುಟ್ಟಿತು, ಮರುವರ್ಷ ಬಿ.ಇ.ಎಲ್.; 1962ರಲ್ಲಿ ತುಮಕೂರು ರಸ್ತೆಯ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ. ಲೋಹವನ್ನು ಕಡಿದು, ಅರೆದು, ಅಳೆದು ನೋಡುವ ವಿದ್ಯೆ ಅಲ್ಲಿಂದ ಎಷ್ಟೋ ಕನ್ನಡ ಮನೆಗಳೊಳಕ್ಕೆ ಬಂದಿತು. 1974ರಲ್ಲಿ ಬಿ.ಇ.ಎಲ್. ತನ್ನ ಎರಡನೆಯ ಕಾರ್ಖಾನೆಯನ್ನು ಘಾಜಿಯಾಬಾದಿನಲ್ಲಿ ತೆರೆದಾಗ ಬೆಂಗಳೂರಿನಿಂದ ಹೊರಟ ಟ್ರಂಕುಗಳಲ್ಲಿ ಹುಳಿಪುಡಿ, ಉಪ್ಪಿನಕಾಯಿಗಳ ಜೊತೆಗೆ ಮೈಕ್ರೋಮೀಟರುಗಳೂ ಬಂದವು. ಇಂದು ಆ ಮನೆಗಳ ಮಕ್ಕಳು ಮೊಮ್ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ತಾತನ ಕೈಗೆ ಗೊತ್ತಿದ್ದುದನ್ನು ಮೊಮ್ಮಗನ ಕ್ಯಾಮರಾಕ್ಕೆ ಕಲಿಸಬೇಕಾದ ಕಾಲ ಇದು.

ಮೊದಲು ಒರಟು ಎಂದರೇನೆಂದು ನೋಡೋಣ. ಲೇತಿನಲ್ಲಿ ಉಕ್ಕಿನ ತುಂಡು ಗರಗರ ತಿರುಗುತ್ತಿರುತ್ತದೆ. ಉಳಿಯೊಂದು ಅದರ ಮೈಯನ್ನು ಹೆರೆಯುತ್ತ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ. ಉತ್ತ ಹೊಲದಲ್ಲಿ ನೇಗಿಲ ಸಾಲು ಮೂಡುವಂತೆ ಉಕ್ಕಿನ ಮೇಲೆ ಒಂದರ ಪಕ್ಕದಲ್ಲೊಂದು ಸಾಲು ಮೂಡುತ್ತದೆ. ಪ್ರತಿ ಸುತ್ತಿಗೆ ಉಳಿ 0.2 ಮಿಲಿಮೀಟರು ಸರಿಯಿತೆನ್ನಿ, ಉಳಿಯ ಮೂತಿ 0.8 ಮಿಲಿಮೀಟರು ತ್ರಿಜ್ಯದಷ್ಟು ದುಂಡಗಿದೆಯೆನ್ನಿ. ಸರಿದ ದೂರದ ವರ್ಗವನ್ನು ಮೂತಿಯ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಸಾಲಿನ ಆಳ ಸಿಕ್ಕುತ್ತದೆ: ಸುಮಾರು ಆರೂಕಾಲು ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಐವತ್ತರಿಂದ ನೂರು ಮೈಕ್ರಾನು. ಈ ಏರಿಳಿತಗಳ ನಡುವೆ ಒಂದು ಸರಾಸರಿ ಗೆರೆ ಎಳೆದು, ಅದರಿಂದ ಮೇಲಕ್ಕೂ ಕೆಳಕ್ಕೂ ಸರಾಸರಿ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿದ ಸಂಖ್ಯೆಗೆ ಆರ್‌ಎ ಎಂದು ಹೆಸರು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 1.6 ಮೈಕ್ರಾನು. ಉಳಿಯ ನಡೆಯನ್ನು ಅರ್ಧಕ್ಕೆ ಇಳಿಸಿದರೆ ಆರ್‌ಎ ಕಾಲುಭಾಗಕ್ಕೆ, ಅಂದರೆ 0.4ಕ್ಕೆ ಇಳಿಯುತ್ತದೆ. ಇದು ಹೊಸ ಉಳಿಯ ಲೆಕ್ಕ. ಉಳಿ ಸವೆದರೆ, ಲೇತು ನಡುಗಿದರೆ, ಲೋಹ ಉಳಿಯ ಮೂತಿಗೆ ಮೆತ್ತಿಕೊಂಡರೆ ಲೆಕ್ಕ ಒಂದು ಕಡೆ, ತುಂಡು ಒಂದು ಕಡೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಸೂಕ್ಷ್ಮದಿಂದ ಆಗುವುದೇನು? ಎರಡು ಭಾಗಗಳ ನಡುವೆ ರಬ್ಬರಿನ ಉಂಗುರವಿಟ್ಟು ಎಣ್ಣೆಯನ್ನು ತಡೆಯುವ ಕಡೆ ಸಾಲು ಆಳವಾಗಿದ್ದರೆ ಎಣ್ಣೆ ಕಾಲುವೆಯಲ್ಲಿ ಹರಿದಂತೆ ಹೊರಕ್ಕೆ ಹರಿಯುತ್ತದೆ. ತಿರುಗುವ ಅಚ್ಚಿನ ಮೇಲೆ ಲೇತಿನ ಸುರುಳಿ ಸಾಲು ಉಳಿದರಂತೂ ಅದು ತಿರುಪಿನಂತೆ ಕೆಲಸ ಮಾಡಿ ಎಣ್ಣೆಯನ್ನು ತಾನಾಗಿಯೇ ಆಚೆಗೆ ತಳ್ಳುತ್ತದೆ. ಹಾಗಾದರೆ ಕನ್ನಡಿಯಷ್ಟು ನುಣ್ಣಗೆ ಮಾಡಿಬಿಡೋಣವೆಂದರೆ ಅದೂ ಆಗದು. ರುಬ್ಬುವ ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ನುರಿಯುವುದಿಲ್ಲವೆಂದು ನಮ್ಮ ಅಜ್ಜಿಯರು ಕಲ್ಲುಕುಟಿಗನನ್ನು ಕರೆಸಿ ಉಳಿಯಿಂದ ಮತ್ತೆ ಕಚ್ಚು ಹಾಕಿಸುತ್ತಿದ್ದರಲ್ಲವೆ? ಎಂಜಿನಿನ ಸಿಲಿಂಡರಿನ ಒಳಗೋಡೆಗೂ ಬೇಕೆಂದೇ ಅಡ್ಡಡ್ಡ ಗೀರು ಹಾಕುತ್ತಾರೆ. ಆ ಗೀರುಗಳಲ್ಲಿ ಎಣ್ಣೆ ನಿಂತರೆ ಮಾತ್ರ ಪಿಸ್ಟನ್ನು ಸುಡದೆ ಓಡಾಡೀತು. ಆದುದರಿಂದ ನಕ್ಷೆ ಬರೆಯುವವನು ನುಣುಪು ಬೇಕೆಂದಷ್ಟೇ ಹೇಳಿ ಬಿಡುವುದಿಲ್ಲ; ಎಷ್ಟು, ಎಂತಹದು ಎಂದೂ ಹೇಳುತ್ತಾನೆ. ಆ ಹೇಳಿಕೆ ಎಲ್ಲರಿಗೂ ಒಂದೇ ಅರ್ಥ ಕೊಡಲೆಂದು ಇದೇ ದಿಲ್ಲಿಯ ಮಾನಕ ಸಂಸ್ಥೆ 1967ರಲ್ಲಿ 3073ನೆಯ ಸಂಖ್ಯೆಯ ಭಾರತೀಯ ಮಾನಕವನ್ನು ಹೊರಡಿಸಿತು.

ನಾವು ಕೆಲಸಕ್ಕೆ ಸೇರಿದಾಗ ಹಿರಿಯರು ಮೊದಲು ಕಲಿಸಿದುದು ಉಗುರಿನ ಅಳತೆ. ಒಂದು ತಗಡಿನ ಮೇಲೆ ಗೊತ್ತಾದ ಒರಟಿನ ಮಾದರಿ ತುಂಡುಗಳನ್ನು ಸಾಲಾಗಿ ಕೂಡಿಸಿರುತ್ತಾರೆ. ಮಾದರಿಯ ಮೇಲೊಮ್ಮೆ, ತುಂಡಿನ ಮೇಲೊಮ್ಮೆ, ಸಾಲುಗಳಿಗೆ ಅಡ್ಡಲಾಗಿ ಉಗುರನ್ನು ಎಳೆಯಬೇಕು. ಎರಡು ವರ್ಷ ಕಳೆದ ಮೇಲೆ ಉಗುರು ತಾನೇ ಮಾತನಾಡುತ್ತದೆ. ಇದನ್ನು ಹಳ್ಳಿಯ ಲೆಕ್ಕವೆಂದು ನಗಬೇಡಿ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು: ಬರಿಯ ಬೆರಳಿನಿಂದ ಸವರಿ, ಕೇವಲ 13 ನ್ಯಾನೊಮೀಟರಿನ ಏರಿಳಿತವಿದ್ದ ಮೇಲ್ಮೈಯನ್ನು ಏನೂ ಇಲ್ಲದ ಮೇಲ್ಮೈಯಿಂದ ಜನ ಬೇರೆಮಾಡಿದರು. 13 ನ್ಯಾನೊಮೀಟರೆಂದರೆ ಒಂದು ಮೈಕ್ರಾನಿನ ಎಪ್ಪತ್ತರಲ್ಲೊಂದು ಭಾಗಕ್ಕಿಂತಲೂ ಕಡಮೆ.

ಆದರೆ ಬೆರಳು ಅಂಕಿ ಬರೆದುಕೊಡಲಾರದು, ಗಿರಾಕಿಗೆ ಅಂಕಿಯೇ ಬೇಕು. ಅದಕ್ಕಾಗಿ ಬಂದುದು ಸೂಜಿಯ ಯಂತ್ರ. 1941ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಟೇಲರ್ ಹಾಬ್ಸನ್ ಕಂಪನಿಯವರು ಟ್ಯಾಲಿಸರ್ಫ್ ಎಂಬುದನ್ನು ತಂದರು. ರಿಚರ್ಡ್ ರೀಸನ್ ಎಂಬಾತ ಅದರ ಹಿಂದಿನ ಬುದ್ಧಿ. ಹಳೆಯ ಗ್ರಾಮಫೋನಿನ ಮುಳ್ಳು ತಟ್ಟೆಯ ಮೇಲೆ ನಡೆಯುವಂತೆ ಒಂದು ವಜ್ರದ ಮೊನೆ ಲೋಹದ ಮೇಲೆ ನಡೆಯುತ್ತದೆ. ಈಗಿನ ಯಂತ್ರಗಳಲ್ಲಿ ಆ ಮೊನೆಯ ತ್ರಿಜ್ಯ ಎರಡು ಮೈಕ್ರಾನಿನಷ್ಟು ಚಿಕ್ಕದಾಗಿರುತ್ತದೆ. ಮೊನೆ ಏರಿದಷ್ಟು, ಇಳಿದಷ್ಟು ಗೆರೆ ಮೂಡುತ್ತದೆ. ಅದರ ಗುಣವೆಂದರೆ ಎತ್ತರವನ್ನು ನೇರವಾಗಿ ಮುಟ್ಟಿ ಹೇಳುತ್ತದೆ. ದೋಷಗಳೂ ಉಂಟು. ಸಾಮಾನ್ಯವಾಗಿ ನಾಲ್ಕು ಮಿಲಿಮೀಟರಿನ ಒಂದು ಗೆರೆಯನ್ನಷ್ಟೇ ಅದು ನೋಡುವುದು. ಪಕ್ಕದಲ್ಲೇ ಗೀರು ಬಿದ್ದಿದ್ದರೂ ಅದಕ್ಕೆ ತಿಳಿಯದು. ಪಕ್ಕದ ಕೊಟ್ಟಿಗೆಯಲ್ಲಿ ಪ್ರೆಸ್ಸು ಬಡಿದರೆ ಬೆಚ್ಚಿಬೀಳುತ್ತದೆ. ದಿನಕ್ಕೆ ಸಾವಿರಾರು ತುಂಡು ಹೊರಬೀಳುವಲ್ಲಿ ಒಂದೊಂದನ್ನೂ ಸೂಜಿಯಡಿ ಕೂಡಿಸುವುದು ಸಾಧ್ಯವೇ ಇಲ್ಲ.

ಈ ತೊಂದರೆಗೆ ಪರಿಹಾರವಾಗಿ ಬಂದುದೇ ಕಂಪ್ಯೂಟರಿನ ಕಣ್ಣು. ಅದರ ಗುಟ್ಟು ಕಷ್ಟದ್ದೇನಲ್ಲ. ಕ್ಯಾಮರಾ ತೆಗೆದ ಚಿತ್ರ ಕಂಪ್ಯೂಟರಿಗೆ ಚಿತ್ರವಲ್ಲ, ಅಂಕಿಗಳ ಕೋಷ್ಟಕ. ಒಂದೊಂದು ಚುಕ್ಕೆಗೂ ಸೊನ್ನೆಯಿಂದ 255ರವರೆಗೆ ಒಂದು ಅಂಕಿ, ಕಪ್ಪಿಗೆ ಸೊನ್ನೆ, ಬಿಳುಪಿಗೆ 255. ಗಾರೆ ಕೆಲಸದ ಮೇಸ್ತ್ರಿ ಗೋಡೆಯ ಉಬ್ಬುತಗ್ಗು ನೋಡಲು ದೀಪವನ್ನು ಗೋಡೆಗೆ ಒತ್ತಿ ಹಿಡಿಯುತ್ತಾನಲ್ಲ, ಹಾಗೆ ಲೋಹದ ಮೇಲೆ ಓರೆಯಾಗಿ ಬೆಳಕು ಬಿಟ್ಟರೆ ದಿಣ್ಣೆಗಳು ಹೊಳೆಯುತ್ತವೆ, ಹಳ್ಳಗಳು ಕಪ್ಪಾಗುತ್ತವೆ. ಒರಟಾದಷ್ಟೂ ಕಪ್ಪುಬಿಳುಪುಗಳ ಅಂತರ ಹೆಚ್ಚು. 1989ರಲ್ಲಿ ಕೆನಡಾದ ಲೂಕ್, ಹುಯಿನ್, ನಾರ್ತ್ ಎಂಬವರು ಈ ಬೂದುಬಣ್ಣಗಳ ಹರಹನ್ನು ಲೆಕ್ಕ ಹಾಕಿ ಒರಟಿನೊಡನೆ ಹೊಂದಿಸಿ ತೋರಿಸಿದರು. 1998ರಲ್ಲಿ ನಮ್ಮ ಮದರಾಸಿನ ಐ.ಐ.ಟಿ.ಯ ಕಿರಣ್, ರಾಮಮೂರ್ತಿ, ರಾಧಾಕೃಷ್ಣನ್ ಇವರು ಇದೇ ದಾರಿಯಲ್ಲಿ ನಡೆದು ಬರೆದ ಲೇಖನವನ್ನು ಈ ಶಾಸ್ತ್ರದವರು ಇಂದಿಗೂ ಓದುತ್ತಾರೆ. ಈಗಂತೂ ಲೆಕ್ಕವನ್ನು ಮನುಷ್ಯ ಹೇಳಿಕೊಡುವುದೂ ಬೇಡ. ಸೂಜಿಯಿಂದ ಅಳೆದ ತುಂಡುಗಳ ಚಿತ್ರಗಳನ್ನು ಅಂಕಿ ಸಮೇತ ತೋರಿಸುತ್ತ ಹೋದರೆ ಕಂಪ್ಯೂಟರು ತಾನೇ ಸಂಬಂಧವನ್ನು ಹುಡುಕಿಕೊಳ್ಳುತ್ತದೆ, ಮಗುವಿಗೆ ಅಕ್ಷರ ತಿದ್ದಿಸಿದಂತೆ.

ಇಲ್ಲೊಂದು ತೊಡಕಿದೆ. ಕ್ಯಾಮರಾ ನೋಡುವುದು ಹೊಳಪನ್ನು, ನಮಗೆ ಬೇಕಾದುದು ನಯ. ಚನ್ನಪಟ್ಟಣದ ಗೊಂಬೆಯನ್ನು ನೋಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹರಡಿಕೊಳ್ಳುತ್ತದೆ. ಗರಿಯಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಒಳಗಿನ ಮರದ ತರಿ ಎಷ್ಟಿತ್ತೆಂದು ಹೊಳಪು ಹೇಳುವುದಿಲ್ಲ. ಉಕ್ಕಿನ ಮೇಲೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯದೂ ಅದೇ ಆಟ. ಎದುರುಬಿಸಿಲಿನಲ್ಲಿ ದಿಲ್ಲಿಯ ಟಾರು ರಸ್ತೆ ಕೂಡ ಕನ್ನಡಿಯಂತೆ ಕಣ್ಣು ಕುಕ್ಕುತ್ತದೆ. ಅದನ್ನು ನುಣುಪೆಂದು ಯಾರಾದರೂ ಅಂದಾರೆಯೆ? ಬೆಳಕಿನ ಅಲೆಗಳನ್ನು ಬಳಸಿ ಎತ್ತರವನ್ನೇ ಅಳೆಯುವ ಸೂಕ್ಷ್ಮದರ್ಶಕಗಳು ಬೇರೆ ಇವೆ, ಅವುಗಳ ಬೆಲೆಯೂ ಬೇರೆ. ನಾವು ಹೇಳುತ್ತಿರುವುದು ಸಾಧಾರಣ ಕ್ಯಾಮರಾದ ವಿಚಾರ. ಅದು ಅಗಲವನ್ನು ಕಾಣುತ್ತದೆ, ಎತ್ತರವನ್ನು ಊಹಿಸುತ್ತದೆ.

ಈ ಊಹೆ ಎಡವಿದ ಒಂದು ಸಂಗತಿಯನ್ನು ಹೇಳಬೇಕು. ಹೇಳಲು ಸ್ವಲ್ಪ ನಾಚಿಕೆಯೇ ಆಗುತ್ತದೆ, ಏಕೆಂದರೆ ಅದರಲ್ಲಿ ನಮ್ಮ ಪಾಲೂ ಇತ್ತು.

ಫರೀದಾಬಾದಿನ ಒಂದು ಚಿಕ್ಕ ಯಂತ್ರಶಾಲೆ. ಅಲ್ಲಿ ಲೇತಿನಲ್ಲಿ ಉಕ್ಕಿನ ಮುಚ್ಚಳಗಳನ್ನು ಮಾಡುತ್ತಿದ್ದರು. ರಬ್ಬರಿನ ಉಂಗುರ ಕೂಡುವ ಮುಖದ ಒರಟು 1.6 ಮೈಕ್ರಾನನ್ನು ಮೀರಕೂಡದು ಎಂದು ನಕ್ಷೆಯಲ್ಲಿತ್ತು. ತುಮಕೂರಿನ ಕಡೆಯ ಒಬ್ಬ ಹುಡುಗ ಕ್ಯಾಮರಾ ಕೂಡಿಸಿದ. ಬುದ್ಧಿವಂತ, ವಿನಯವಂತ, ನಮ್ಮನ್ನು "ಅಂಕಲ್" ಎಂದೇ ಕರೆಯುತ್ತಿದ್ದ. ಮೇ ತಿಂಗಳು. ಕ್ಯಾಮರಾ ಹೇಳಿದ ಅಂಕಿಗೂ ಸೂಜಿ ಹೇಳಿದ ಅಂಕಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಸಲಹೆಗಾರರೆಂದು ಕರೆಸಿಕೊಂಡಿದ್ದ ನಾವು ಕಾಗದ ನೋಡಿ ಸಹಿ ಹಾಕಿದೆವು. ನಲವತ್ತು ವರ್ಷದಿಂದ ಉಗುರು ಎಳೆಯುತ್ತಿದ್ದ ಮುದುಕ ಉಸ್ತಾದರನ್ನು ಯಜಮಾನರು ಗೋದಾಮಿನ ಲೆಕ್ಕಕ್ಕೆ ಹಾಕಿದರು.

ಡಿಸೆಂಬರಿನಲ್ಲಿ ಮಂಜು ಕವಿಯಿತು. ದಿಲ್ಲಿಯ ಮಂಜು ನಿಮಗೆ ವಿವರಿಸಬೇಕಾಗಿಲ್ಲ. ಕ್ಯಾಮರಾ ದಿನವೂ ಹಸಿರು ದೀಪ ಹತ್ತಿಸುತ್ತಿತ್ತು, ಪೆಟ್ಟಿಗೆಗಳು ಹೋಗುತ್ತಿದ್ದವು. ಜನವರಿಯಲ್ಲಿ ಪೆಟ್ಟಿಗೆಗಳು ಹಿಂದಕ್ಕೆ ಬಂದವು. ಎಣ್ಣೆ ಸೋರುತ್ತಿದೆಯೆಂದು ಗಿರಾಕಿಯ ತಕರಾರು. ನಮಗೆ ಕರೆ ಬಂತು. ಸೂಜಿಯಿಟ್ಟು ನೋಡಿದರೆ ಮಿತಿಯನ್ನು ಎಷ್ಟೋ ದಾಟಿದ ತುಂಡುಗಳು. ಉಸ್ತಾದರನ್ನು ಗೋದಾಮಿನಿಂದ ಕರೆದು ಒಂದನ್ನು ಕೈಗೆ ಕೊಟ್ಟೆವು. ಉಗುರು ಎಳೆದು, ತುಂಡನ್ನು ಕೆಳಗಿಟ್ಟು, "ಸಾಹೇಬರೇ, ಇದರ ಉಳಿ ಸತ್ತು ಬಹಳ ದಿನವಾಗಿದೆ" ಎಂದರು. ಬೇರೇನನ್ನೂ ಹೇಳಲಿಲ್ಲ. ಹೇಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಆದುದು ಎರಡು. ಕ್ಯಾಮರಾಕ್ಕೆ ತನ್ನದೇ ದೀಪವಿದ್ದರೂ, ಸಾಲುಗಳ ನೆರಳನ್ನು ಎತ್ತಿ ತೋರಿಸುತ್ತಿದ್ದುದು ಛಾವಣಿಯ ಪಾರದರ್ಶಕ ತಗಡಿನಿಂದ ಓರೆಯಾಗಿ ಬೀಳುತ್ತಿದ್ದ ಬೇಸಗೆಯ ಬಿಸಿಲು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಂಜು ಬಂದಾಗ ಬಿಸಿಲು ಹೋಯಿತು, ನೆರಳು ಹೋಯಿತು. ನೆರಳಿಲ್ಲದ್ದು ನುಣ್ಣಗಿದೆಯೆಂದು ಕಂಪ್ಯೂಟರು ತಿಳಿಯಿತು. ಎರಡನೆಯದು ಇನ್ನೂ ಸೂಕ್ಷ್ಮ. ಕಂಪ್ಯೂಟರಿಗೆ ಪಾಠಕ್ಕೆ ಕೊಟ್ಟ ತುಂಡುಗಳನ್ನೆಲ್ಲ ಹೊಸ ಉಳಿಯಿಂದಲೇ, ಉಳಿಯ ನಡೆಯನ್ನು ಮಾತ್ರ ಹೆಚ್ಚುಕಡಮೆ ಮಾಡಿ ಕಡಿದಿದ್ದರು. ಸಾಲುಗಳ ನಡುವಣ ಅಂತರ ನೋಡಿದರೆ ಸಾಕು, ಒರಟು ಇಷ್ಟೆಂದು ಹೇಳಬಹುದಾಗಿತ್ತು. ನಾವು ಮೊದಲು ಹೇಳಿದ ಸೂತ್ರವನ್ನೇ ಅದು ತನಗೆ ತಿಳಿಯದೆ ಕಲಿತುಬಿಟ್ಟಿತ್ತು. ಉಳಿ ಸವೆದಾಗ ಸಾಲಿನ ಆಳ, ಅಂಚಿನ ಸಿಬಿರು ಬದಲಾದವು. ಅಂತರ ಮಾತ್ರ ಬದಲಾಗಲಿಲ್ಲ. ಕಂಪ್ಯೂಟರು ಅಂತರವನ್ನು ನೋಡಿ ಹಳೆಯ ಉತ್ತರವನ್ನೇ ಒಪ್ಪಿಸಿತು, ಪ್ರಶ್ನೆ ಕೇಳುವ ಮೊದಲೇ ಮಗ್ಗಿ ಹೇಳುವ ಹುಡುಗನ ಹಾಗೆ.

ಇನ್ನೊಂದು ತಪ್ಪನ್ನೂ ಅಲ್ಲೇ ಕಂಡೆವು. ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಗಮನಿಸಬೇಕು. ಒಂದೇ ತುಂಡಿನ ದೊಡ್ಡ ಚಿತ್ರವನ್ನು ಚೂರುಚೂರು ಮಾಡಿ, ಕೆಲವು ಚೂರುಗಳನ್ನು ಪಾಠಕ್ಕೂ ಕೆಲವನ್ನು ಪರೀಕ್ಷೆಗೂ ಬಳಸಿದ್ದರು. ಪಾಠದಲ್ಲಿದ್ದ ಪ್ರಶ್ನೆಯೇ ಪರೀಕ್ಷೆಗೆ ಬಂದರೆ ನೂರಕ್ಕೆ ತೊಂಬತ್ತೆಂಟು ಬರುವುದು ಆಶ್ಚರ್ಯವಲ್ಲ. ಪರೀಕ್ಷೆಗೆ ಬೇರೆ ತುಂಡು, ಸಾಧ್ಯವಾದರೆ ಬೇರೆ ಲೇತು, ಬೇರೆ ದಿನ ಇರಬೇಕು. ದೊಡ್ಡ ಅಂಕಗಳನ್ನು ಕಂಡೊಡನೆ ನಾವು ಈ ಪ್ರಶ್ನೆ ಕೇಳಬೇಕಾಗಿತ್ತು, ಕೇಳಲಿಲ್ಲ.

ಕ್ಯಾಮರಾವನ್ನು ಕಿತ್ತೆಸೆದೆವೆಂದು ತಿಳಿಯಬೇಡಿ. ಅದರಿಂದ ಆಗುವ ಕೆಲಸವನ್ನು ಸೂಜಿಯೂ ಮಾಡದು, ಉಗುರೂ ಮಾಡದು: ಒಂದು ತುಂಡನ್ನೂ ಬಿಡದೆ, ಇಡೀ ಮುಖವನ್ನು, ದಣಿಯದೆ ನೋಡುತ್ತದೆ. ಅದನ್ನು ತಕ್ಕಡಿಯೆಂದು ತಿಳಿದುದು ನಮ್ಮ ತಪ್ಪು. ಅದು ಕಾವಲುಗಾರ. ನಿನ್ನೆಗಿಂತ ಇಂದು ಏನೋ ಬದಲಾಗಿದೆ ಎಂದು ಕೂಗಿ ಹೇಳುವುದು ಅದರ ಕೆಲಸ. ಎಷ್ಟು ಬದಲಾಗಿದೆ ಎಂದು ತೂಗುವುದು ಸೂಜಿಯದು.

ಹುಡುಗ ಕ್ಯಾಮರಾದ ಸುತ್ತ ಒಳಗೆಲ್ಲ ಕಪ್ಪು ಬಳಿದ ತಗಡಿನ ಗೂಡು ಕಟ್ಟಿದ. ಈಗ ಅದರೊಳಗೆ ಜೇಷ್ಠವೂ ಪುಷ್ಯವೂ ಒಂದೇ. ಎಣ್ಣೆ ಒರೆಸದೆ ತುಂಡನ್ನು ಒಳಗಿಡುವಂತಿಲ್ಲ. ಬೆಳಗ್ಗೆ ಕೆಲಸ ಪ್ರಾರಂಭವಾಗುವ ಮೊದಲು ಸೂಜಿಯಿಂದ ಅಳೆದಿಟ್ಟ ಮೂರು ತುಂಡುಗಳನ್ನು ಕ್ಯಾಮರಾಕ್ಕೆ ತೋರಿಸಬೇಕು. ಅವನ್ನು ಸರಿಯಾಗಿ ಹೇಳದಿದ್ದರೆ ಆ ದಿನ ಹಸಿರು ದೀಪಕ್ಕೆ ಬೆಲೆಯಿಲ್ಲ. ಸವೆದ ಉಳಿಯಿಂದ ಕಡಿದ, ನಡುಗಿದ ಲೇತಿನಿಂದ ಬಂದ ಕೆಟ್ಟ ತುಂಡುಗಳನ್ನೂ ಪಾಠಕ್ಕೆ ಸೇರಿಸಿದರು. ಅವುಗಳನ್ನು ಆರಿಸಿಕೊಟ್ಟವರು ಉಸ್ತಾದರು. ಕೆಡುವುದರಲ್ಲಿ ಎಷ್ಟು ಬಗೆಯುಂಟೆಂದು ಬಲ್ಲವರು ಆ ಶಾಲೆಯಲ್ಲಿ ಅವರೊಬ್ಬರೇ. ಹುಡುಗನಿಗೆ ಹಿಂದಿ ಅಷ್ಟಕ್ಕಷ್ಟೆ, ಉಸ್ತಾದರಿಗೆ ಕಂಪ್ಯೂಟರು ಅಷ್ಟಕ್ಕಷ್ಟೆ. ನಡುವೆ ನಾವು ದುಭಾಷಿಗಳಾದೆವು. ತಪಾಸಣೆಯ ಕೆಲಸದಲ್ಲಿ ನಮಗೆ ಸಿಕ್ಕ ಅತ್ಯಂತ ಒಳ್ಳೆಯ ಹುದ್ದೆ ಅದು.

ಆ ಮೂರು ತುಂಡುಗಳನ್ನು ಅಳೆದ ಸೂಜಿಯನ್ನು ಯಾರು ನಂಬುವುದು ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಸರಿಯಾದ ಪ್ರಶ್ನೆ. ಸೂಜಿಯ ಯಂತ್ರವನ್ನು ಒಂದು ಮಾದರಿ ತುಂಡಿನ ಮೇಲೆ ಸರಿಹೊಂದಿಸುತ್ತಾರೆ. ಆ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಶಾಲೆ ಅದಕ್ಕಿಂತ ನಿಖರವಾದ ಮಾದರಿಯಿಂದ ಪರೀಕ್ಷಿಸಿರುತ್ತದೆ. ಹೀಗೆ ಒಂದರ ಬೆನ್ನಿಗೊಂದು ಸಾಕ್ಷಿ ಹಿಡಿದು ಹೋದರೆ ನೀವು ತಲುಪುವುದು ಪೂಸಾದ ಬಳಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆಗೆ. 1947ರ ಜನವರಿ 4ರಂದು ನೆಹರೂ ಅದಕ್ಕೆ ಅಡಿಗಲ್ಲು ಹಾಕಿದರು; 1950ರ ಜನವರಿ 21ರಂದು, ಗಣರಾಜ್ಯಕ್ಕೆ ಐದು ದಿನ ಮೊದಲು, ಸರ್ದಾರ್ ಪಟೇಲರು ತೆರೆದರು. ರಾಮನ್ನರ ಜೊತೆ ದುಡಿದ ಕೆ. ಎಸ್. ಕೃಷ್ಣನ್ ಅದರ ಮೊದಲ ನಿರ್ದೇಶಕರು. ಮುಂದಿನ ರಸ್ತೆಗೆ ಅವರದೇ ಹೆಸರು. ನಮ್ಮ ದೇಶದ ಮೀಟರಿಗೆ ಅಲ್ಲಿ ಲೇಸರ್ ಬೆಳಕಿನ ಅಲೆಯುದ್ದವೇ ಆಧಾರ. ಬಸ್ಸಿನಲ್ಲಿ ದಿನವೂ ಆ ಗೋಡೆಯ ಪಕ್ಕದಲ್ಲೇ ಹಾದುಹೋಗುವ ನಿಮ್ಮಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರಲಾರದು. ಕ್ಯಾಮರಾದ ಅಂಕಿಗೂ ಈ ಸರಪಣಿಗೂ ಗಂಟು ಬಿದ್ದಿದ್ದರೆ ಅದು ಅಳತೆ, ಇಲ್ಲದಿದ್ದರೆ ಅಭಿಪ್ರಾಯ.

ಸರಪಣಿಯಿದ್ದರೂ ಒಂದು ಅಂಕಿ ಎಲ್ಲವನ್ನೂ ಹೇಳುವುದಿಲ್ಲವೆಂಬುದನ್ನು ಬಿಡಬಾರದು. ಬಯಲಿನ ಮೇಲೆ ಅಲ್ಲೊಂದು ಇಲ್ಲೊಂದು ಗುಡ್ಡವಿರುವ ಸೀಮೆಗೂ, ಅದೇ ಬಯಲಿನಲ್ಲಿ ಅಷ್ಟೇ ಆಳದ ಬಾವಿಗಳಿರುವ ಸೀಮೆಗೂ ಆರ್‌ಎ ಒಂದೇ ಬರಬಹುದು. ಗುಡ್ಡದ ಲೋಹ ರಬ್ಬರನ್ನು ಕೊರೆಯುತ್ತದೆ, ಬಾವಿಯ ಲೋಹ ಎಣ್ಣೆಯನ್ನು ಹಿಡಿದಿಡುತ್ತದೆ. ಕೈಗೆ ಈ ಎರಡರ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಮಾತು ಉದ್ದವಾಯಿತು, ಕಾಫಿಯ ವಾಸನೆ ಬರುತ್ತಿದೆ. ಬಾಗಿಲ ಬಳಿಯ ಮೇಜಿನ ಮೇಲೆ ಆರು ತುಂಡುಗಳನ್ನಿಟ್ಟಿದ್ದೇವೆ, ಎಲ್ಲವೂ ಒಂದೇ ಉಕ್ಕು. ಪಕ್ಕದಲ್ಲಿ ಅವುಗಳ ಫೋಟೋಗಳಿವೆ. ಮೊದಲು ಫೋಟೋ ನೋಡಿ ಯಾವುದು ಹೆಚ್ಚು ನುಣ್ಣಗಿದೆಯೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಗೆರೆಗಳಿಗೆ ಅಡ್ಡಲಾಗಿ ಉಗುರು ಎಳೆದು ಮತ್ತೆ ಬರೆಯಿರಿ. ನಿಮ್ಮ ಎರಡು ಚೀಟಿಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ನಾವು ಈಗಲೇ ಹೇಳುವುದಿಲ್ಲ. ತುಂಡುಗಳಿಗೆ ಎಣ್ಣೆ ಹಚ್ಚಿದೆ. ರೇಷ್ಮೆ ಸೀರೆಯುಟ್ಟು ಬಂದವರು ಜೋಪಾನ; ಕೈ ಒರೆಸಿಕೊಳ್ಳಲು ಬಟ್ಟೆ ಪಕ್ಕದಲ್ಲೇ ಇದೆ.